ಗುಡ್ಡದ ಹೊಟ್ಟೆಗೆ ನಕ್ಷೆ, ರೈತನ ತಲೆಗೆ ಕತ್ತಲೆ



ಬೋರು ಕೊರೆಸುವ ಮುಂಚೆ ನೀವು ಏನು ಮಾಡುತ್ತೀರಿ? ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವನನ್ನಾದರೂ ಕರೆಸುತ್ತೀರಿ, ಮಿಷನ್ ಹಿಡಿದು ಬರುವ ಭೂವಿಜ್ಞಾನಿಯನ್ನಾದರೂ ಕರೆಸುತ್ತೀರಿ. ಎಲ್ಲೆಂದರಲ್ಲಿ ಕೊರೆದರೆ ದುಡ್ಡು ಮಣ್ಣುಪಾಲು ಅನ್ನೋದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಡೂರಿನ ಗುಡ್ಡಗಳನ್ನು ನೋಡ್ರಿ. ಅದಿರು ಎಷ್ಟು ಆಳಕ್ಕಿದೆ, ಎತ್ತ ಕಡೆ ಹರಿದಿದೆ ಎಂಬುದಕ್ಕೆ ಕಾಗದದ ಮೇಲೆ ನಕ್ಷೆ ಇದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲಂತೂ ಯಾರ ಗಡಿ ಎಲ್ಲಿಗೆ ಮುಗಿಯುತ್ತದೆ ಎಂದು ಹೊಸದಾಗಿ ಅಳೆದರು. ಹಂಪಿಗೆ ಬನ್ನಿ. ಬಿದ್ದ ಗೋಡೆ, ಮುರಿದ ಮಂಟಪ, ಒಡೆದ ಕಾಲುವೆ, ಎಲ್ಲಕ್ಕೂ ಪಟ ಉಂಟು. 1980ರಿಂದ ಪರದೇಶದ ವಿದ್ವಾಂಸರೂ ನಮ್ಮವರೂ ಬಿಸಿಲಲ್ಲಿ ನಿಂತು ಬರೆದ ಪಟಗಳು.

ಕಲ್ಲಿಗೆ ನಕ್ಷೆ ಇದೆ, ಅದಿರಿಗೆ ನಕ್ಷೆ ಇದೆ. ನಿಮ್ಮ ತಲೆಯೊಳಗಿನ ರಕ್ತನಾಳ ಒಡೆದರೆ ಅದು ಎಲ್ಲಿ ಒಡೆಯಿತು ಎಂದು ತೋರಿಸುವ ಚಿತ್ರವನ್ನು ಹೊಸಪೇಟೆಯಲ್ಲಿ, ರಾತ್ರಿ ಹನ್ನೊಂದು ಗಂಟೆಗೆ, ಸಾಲ ಮಾಡದೆ ತೆಗೆಸಿಕೊಳ್ಳಬಲ್ಲಿರಾ? ಈ ಲೇಖನ ಕೇಳುವುದು ಇದೊಂದನ್ನೇ.

ಬೆಲೆ, ಸಾಲ, ಬಡ್ಡಿಯ ಮಾತಾಡುವ ಪತ್ರಿಕೆಯಲ್ಲಿ ಈ ಡಾಕ್ಟರಿಕೆ ಯಾಕೆ ಅಂತ ಕೇಳುತ್ತೀರಿ. ಕೇಳಿ.

ಕಂಪ್ಲಿ ಕಡೆಯ ನಮ್ಮ ಬಳಗದ ಒಂದು ಮನೆ. ನನ್ನ ಅತ್ತಿಗೆ, ವಯಸ್ಸು ಐವತ್ತರ ಒಳಗೆ. ಭತ್ತದ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದವಳು ಒಮ್ಮೆಲೇ ತಲೆ ಹಿಡಿದುಕೊಂಡು ಬದುವಿನ ಮೇಲೆ ಕೂತಳು. ಹಿಂದಿನಿಂದ ಯಾರೋ ಕೊಡಲಿಯಲ್ಲಿ ಹೊಡೆದಂಗಾಯಿತು ಅಂದಳು. ಎರಡು ಸಲ ವಾಂತಿ. ಬಿಸಿಲು ಬಡಿದಿರಬೇಕು ಅಂತ ಮಜ್ಜಿಗೆ ಕುಡಿಸಿದೆವು. ಸಂಜೆ ಅಂಗಡಿಯ ಗುಳಿಗೆ. ಮರುದಿನ ಕುತ್ತಿಗೆ ಬಗ್ಗಲಿಲ್ಲ. ಹತ್ತಿರದ ಒಂದು ದವಾಖಾನೆಯಲ್ಲಿ ಪಿತ್ತ ಎಂದರು, ಸೂಜಿ ಹಾಕಿದರು, ಗ್ಲೂಕೋಸ್ ಏರಿಸಿದರು. ಬಿ.ಪಿ. ನೋಡಿದರು, ಜಾಸ್ತಿ ಇತ್ತು, ಅದಕ್ಕೊಂದು ಗುಳಿಗೆ ಕೊಟ್ಟರು. ತಲೆಯ ಚಿತ್ರ ತೆಗೆಸಿರಿ ಎಂದು ಒಬ್ಬರೂ ಹೇಳಲಿಲ್ಲ. ಮೂರನೇ ದಿನ ಪಟ್ಟಣದ ಇನ್ನೊಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಮಿದುಳಿನ ಸುತ್ತ ರಕ್ತ ಇದೆ, ರಕ್ತನಾಳದ ಚಿತ್ರ ತೆಗೆಯಬೇಕು, ಅದು ಇಲ್ಲಿ ಆಗೋದಿಲ್ಲ, ಬೆಂಗಳೂರಿಗೆ ಹೋಗಿ ಎಂದರು. ದುಡ್ಡು ಹೊಂದಿಸುವುದರಲ್ಲಿ ಒಂದು ರಾತ್ರಿ ಕಳೆಯಿತು. ಆ ರಾತ್ರಿಯೇ ಎರಡನೇ ಸಲ ಒಡೆಯಿತು.

ಬದುಕಿದ್ದಾಳೆ. ಬೆಂಗಳೂರಿನ ವೈದ್ಯರು ಉಳಿಸಿಕೊಟ್ಟರು. ಬಲಗೈ ಏಳುವುದಿಲ್ಲ, ಮಾತು ಅರ್ಧಕ್ಕೆ ನಿಲ್ಲುತ್ತದೆ. ಮನೆಯ ಸಾಲ ಮಾತ್ರ ಎಲ್ಲೂ ನಿಲ್ಲುವುದಿಲ್ಲ. ದಲಾಲಿಯ ಹತ್ತಿರ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಲೆಕ್ಕ ನೀವೇ ಹಾಕಿ. ಒಂದು ಲಕ್ಷಕ್ಕೆ ವರ್ಷಕ್ಕೆ 36,000. 2025-26ರಲ್ಲಿ ಸಾಮಾನ್ಯ ಭತ್ತಕ್ಕೆ ದಿಲ್ಲಿ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಆ ಬೆಲೆಗೇ ಮಾರಿದಿರಿ ಅಂತ ಇಟ್ಟುಕೊಂಡರೂ ಒಂದೊಂದು ಲಕ್ಷದ ಬರೀ ಬಡ್ಡಿಗೆ 15 ಕ್ವಿಂಟಲ್ ಭತ್ತ ಹೋಯಿತು. ಅಸಲು ಹಾಗೇ ಕೂತಿದೆ. ಬೆಲೆ, ಸಾಲ, ಬಡ್ಡಿಗೂ ಡಾಕ್ಟರಿಕೆಗೂ ಸಂಬಂಧ ಏನು ಎಂದು ಈಗ ಕೇಳಿ.

ಈ ರೋಗಕ್ಕೆ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ಕಾಲುವೆ ನೀರು ಉಂಡು ಬೆಳೆದ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ರಾಯ ಕಾಲುವೆ, ಬಸವಣ್ಣ ಕಾಲುವೆಗಳಲ್ಲಿ ಏರಿ ಎಲ್ಲಿ ಸವೆಯುತ್ತದೆ? ನೆಟ್ಟಗೆ ಹರಿಯುವ ಕಡೆ ಅಲ್ಲ, ಕವಲು ಒಡೆಯುವ ಕಡೆ. ನೀರು ಬಂದು ಬಡಿಯುವುದು ಅಲ್ಲೇ. ಮಿದುಳಿನ ಬುಡದಲ್ಲಿ ದೊಡ್ಡ ರಕ್ತನಾಳಗಳು ಸೇರಿ ಒಂದು ಉಂಗುರದಂತೆ ಇವೆ. ಕವಲುಗಳೂ ಅಲ್ಲೇ. ಕವಲಿನ ಮೂಲೆಯಲ್ಲಿ ನಾಳದ ಗೋಡೆ ತೆಳ್ಳಗಾಗಿ, ರಕ್ತದ ಒತ್ತಡಕ್ಕೆ ಹೊರಕ್ಕೆ ಉಬ್ಬುತ್ತದೆ, ಸಣ್ಣ ಗುಳ್ಳೆಯ ಹಾಗೆ. ಕೆಲವು ಜೋಳದ ಕಾಳಿನಷ್ಟು, ಕೆಲವು ಕಡಲೆಯಷ್ಟು, ಅಪರೂಪಕ್ಕೆ ನೆಲ್ಲಿಕಾಯಿಯಷ್ಟು. ವಯಸ್ಕರಲ್ಲಿ ನೂರಕ್ಕೆ ಸುಮಾರು 3 ಜನರ ತಲೆಯಲ್ಲಿ ಇಂಥದ್ದು ಇರುತ್ತದೆ ಎಂದು ಲೆಕ್ಕ. ಬಹುಪಾಲು ಒಡೆಯುವುದೇ ಇಲ್ಲ, ಮನುಷ್ಯ ಮುದುಕನಾಗಿ ಬೇರೆ ಕಾರಣಕ್ಕೆ ಸಾಯುತ್ತಾನೆ. ಒಡೆದವರಲ್ಲಿ ಮಾತ್ರ ಮೂವರಲ್ಲಿ ಒಬ್ಬರಂತೂ ಉಳಿಯುವುದಿಲ್ಲ. ಉಳಿದವರನ್ನು ಕಾಡುವುದು ಎರಡನೇ ಒಡೆತ. ಮೊದಲ 24 ಗಂಟೆಯಲ್ಲಿ ಅದರ ಭಯ ಎಲ್ಲಕ್ಕಿಂತ ಹೆಚ್ಚು. ಆಮೇಲೂ ಬಾಯಿ ಮುಚ್ಚುವ ತನಕ ಕತ್ತಿ ತೂಗುತ್ತಲೇ ಇರುತ್ತದೆ.

ಬಾಯಿ ಮುಚ್ಚಬೇಕಾದರೆ ಬಾಯಿ ಎಲ್ಲಿದೆ ಎಂದು ಗೊತ್ತಿರಬೇಕಲ್ಲ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದದ್ದನ್ನು ನಾವು ಮರೆತಿಲ್ಲ. 33 ಗೇಟುಗಳಲ್ಲಿ ಹೋದದ್ದು 19ನೆಯದು. ನಂಬರು ಗೊತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಹೀಗಾಗಿ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆ ಇಳಿಸಿ ವಾರದಲ್ಲಿ ತಡೆದರು. ಯಾವ ಗೇಟು ಎಂದು ತಿಳಿಯದೆ ಕತ್ತಲೆಯಲ್ಲಿ ಹಲಗೆ ಇಳಿಸಿರಿ ಅಂದಿದ್ದರೆ ಯಾವ ಇಂಜಿನಿಯರ್ ಒಪ್ಪುತ್ತಿದ್ದ? ತಲೆಬುರುಡೆ ತೆರೆಯುವ ವೈದ್ಯನ ಪಾಡೂ ಅದೇ. ಗುಳ್ಳೆ ಎಡಕ್ಕಿದೆಯೋ ಬಲಕ್ಕಿದೆಯೋ, ಅದರ ಕತ್ತು ಅಗಲವೋ ಸಣ್ಣವೋ, ತುದಿ ಯಾವ ಕಡೆ ಮುಖ ಮಾಡಿದೆ, ಅದರ ಬುಡದಿಂದ ಇನ್ನೊಂದು ಸಣ್ಣ ನಾಳ ಹೊರಟಿದೆಯೋ, ಇಷ್ಟು ತಿಳಿಯದೆ ಆತ ಕತ್ತಿ ಹಿಡಿಯುವಂತಿಲ್ಲ. ಅಷ್ಟೇ ಅಲ್ಲ. ಐವರು ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಒಂದಲ್ಲ, ಎರಡು ಮೂರು ಗುಳ್ಳೆ ಇರುತ್ತವೆ. ಒಡೆದದ್ದನ್ನು ಬಿಟ್ಟು ಒಡೆಯದ್ದನ್ನು ಮುಚ್ಚಿದರೆ ಏನಾದೀತು ನೀವೇ ಹೇಳ್ರಿ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1927ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಎಗಾಸ್ ಮೊನೀಸ್ ಎಂಬ ವೈದ್ಯ ಕುತ್ತಿಗೆಯ ನಾಳಕ್ಕೆ ಔಷಧ ಹಾಕಿ ಎಕ್ಸ್-ರೇ ತೆಗೆದು, ಬದುಕಿರುವ ಮನುಷ್ಯನ ಮಿದುಳಿನ ರಕ್ತನಾಳಗಳನ್ನು ಮೊದಲ ಸಲ ಹಲಗೆ ಮೇಲೆ ತೋರಿಸಿದ. 1937ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಗುಳ್ಳೆಯ ಕತ್ತಿಗೆ ಬೆಳ್ಳಿಯ ಕ್ಲಿಪ್ ಹಾಕಿ ಮುಚ್ಚಿದ. ನಮ್ಮ ದೇಶದಲ್ಲಿ 1949ರಲ್ಲಿ ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ನರಶಸ್ತ್ರಚಿಕಿತ್ಸೆ ವಿಭಾಗ ಕಟ್ಟಿದರು. ಆಮೇಲೆ ಬೆಂಗಳೂರಿನಲ್ಲೂ ಆಯಿತು. 1974ರಲ್ಲಿ ನಿಮ್ಹಾನ್ಸ್ ಎಂಬ ಹೆಸರು ಬಂತು. ಇನ್ನು ಸಿ.ಟಿ. ಸ್ಕ್ಯಾನ್ ಕಂಡುಹಿಡಿದವನ ಕಥೆ ನಿಮಗೆ ಹಿಡಿಸುತ್ತದೆ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್, ಇಂಗ್ಲೆಂಡಿನ ಒಬ್ಬ ರೈತನ ಮಗ. ಒಕ್ಕಣೆ ಯಂತ್ರ ನೋಡುತ್ತ, ಬಣವೆ ಮೇಲಿಂದ ಹಾರುತ್ತ ಬೆಳೆದವನು. ಅವನ ಯಂತ್ರ ಮೊದಲ ರೋಗಿಯ ತಲೆ ನೋಡಿದ್ದು 1971ರ ಅಕ್ಟೋಬರ್ 1ರಂದು. 1979ರಲ್ಲಿ ನೊಬೆಲ್ ಬಂತು. ಒಕ್ಕಲುತನದ ಮನೆಯ ಹುಡುಗ ಮಾಡಿದ ಯಂತ್ರ ಒಕ್ಕಲಿಗನಿಗೆ ಎಟುಕುವುದಿಲ್ಲ ಎಂದರೆ ಏನ್ರಿ ಇದು?

ಚಿತ್ರಗಳು ಮೂರು ಬಗೆ. ಆಸ್ಪತ್ರೆಯಲ್ಲಿ ನಿಂತಾಗ ಯಾವುದನ್ನು ಕೇಳಬೇಕು ಎಂದು ನಿಮಗೆ ತಿಳಿದಿರಲಿ.

ಮೊದಲನೆಯದು ಸಾದಾ ಸಿ.ಟಿ. ಔಷಧ ಇಲ್ಲ, ಸೂಜಿ ಇಲ್ಲ, ಕೆಲವೇ ನಿಮಿಷ. ತಲೆಯೊಳಗೆ ಹೊಸ ರಕ್ತ ಇದ್ದರೆ ಬೆಳ್ಳಗೆ ಕಾಣುತ್ತದೆ. ತಲೆನೋವು ಹೊಡೆದ 6 ಗಂಟೆಯೊಳಗೆ ಒಳ್ಳೆ ಯಂತ್ರದಲ್ಲಿ ತೆಗೆದು, ಬಲ್ಲವರು ನೋಡಿದರೆ ತಪ್ಪುವುದು ತೀರಾ ಅಪರೂಪ. ದಿನ ಕಳೆದಂತೆ ರಕ್ತದ ಬಿಳುಪು ಮಾಸುತ್ತದೆ. ನಾಲ್ಕೈದು ದಿನ ಬಿಟ್ಟು ಹೋದರೆ ಸ್ಕ್ಯಾನ್ ಸುಳ್ಳು ಸಮಾಧಾನ ಹೇಳಬಹುದು. ಆಗ ಬೆನ್ನಿನಿಂದ ನೀರು ತೆಗೆದು ನೋಡಬೇಕಾಗುತ್ತದೆ.

ಎರಡನೆಯದು ಸಿ.ಟಿ. ಆಂಜಿಯೋಗ್ರಾಂ. ಅದೇ ಯಂತ್ರ. ಕೈಯ ನರಕ್ಕೆ ಔಷಧ ಹಾಕಿ, ಆ ಔಷಧ ಮಿದುಳಿನ ನಾಳಗಳಲ್ಲಿ ಹರಿಯುವ ಹೊತ್ತಿಗೆ ಸರಿಯಾಗಿ ಚಿತ್ರ ತೆಗೆಯುತ್ತಾರೆ. ಮೂತ್ರಪಿಂಡ ಕೆಟ್ಟವರಿಗೆ ಆ ಔಷಧ ಎಚ್ಚರದಿಂದ ಕೊಡಬೇಕು. ಕಂಪ್ಯೂಟರು ಅದನ್ನು ಗಿಡದ ಬೇರಿನಂತೆ ತಿರುಗಿಸಿ ತೋರಿಸುತ್ತದೆ. ಗುಳ್ಳೆ ಇರುವ ಜಾಗ ಬಹುಪಾಲು ಇಲ್ಲೇ ಸಿಕ್ಕುತ್ತದೆ. 3 ಮಿಲಿಮೀಟರಿಗಿಂತ ಸಣ್ಣದು ತಪ್ಪಿಸಿಕೊಳ್ಳಬಹುದು.

ಮೂರನೆಯದು ಡಿ.ಎಸ್.ಎ. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ದಾರದಷ್ಟು ಸಣ್ಣ ಕೊಳವೆ ತೂರಿಸಿ ಕುತ್ತಿಗೆಯ ನಾಲ್ಕೂ ನಾಳಗಳಿಗೆ ಒಂದೊಂದಾಗಿ ಔಷಧ ಬಿಡುತ್ತಾರೆ. ಔಷಧ ಹಾಕುವ ಮುಂಚಿನ ಚಿತ್ರವನ್ನು ಆಮೇಲಿನ ಚಿತ್ರದಿಂದ ಕಳೆದರೆ ಎಲುಬು ಮಾಯ, ನಾಳ ಮಾತ್ರ ಉಳಿಯುತ್ತದೆ. ಕೊನೆಯ ಮಾತು ಇದರದ್ದೇ. ತಲೆ ತೆರೆದು ಕ್ಲಿಪ್ ಹಾಕುವುದೋ, ಅಥವಾ 1990ರ ದಶಕದಿಂದ ಬಂದಿರುವ ಪದ್ಧತಿಯಂತೆ ಅದೇ ಕೊಳವೆಯ ಮೂಲಕ ಪ್ಲಾಟಿನಂ ತಂತಿಯ ಸುರುಳಿ ತುಂಬುವುದೋ ಎಂದು ಇದನ್ನು ನೋಡಿ ತೀರ್ಮಾನಿಸುತ್ತಾರೆ.

ಈಗ ಒಂದು ಮಾತು ಸ್ಪಷ್ಟ ಹೇಳಬೇಕು. ಪ್ರತಿ ತಲೆನೋವಿಗೂ ಸ್ಕ್ಯಾನ್ ಎನ್ನುವ ವ್ಯಾಪಾರಕ್ಕೆ ನಾವು ವಕಾಲತ್ತು ಹಾಕುತ್ತಿಲ್ಲ. ಬಿಸಿಲಿನ ತಲೆನೋವು, ಅರೆತಲೆನೋವು, ಸಾಲಗಾರ ಬಾಗಿಲಿಗೆ ಬಂದಾಗಿನ ತಲೆನೋವು, ಇವಕ್ಕೆಲ್ಲ ಯಂತ್ರದೊಳಗೆ ಮಲಗಿಸಿ ದುಡ್ಡು ಕೀಳುವ ಕಮಿಷನ್ ದಂಧೆ ನಮ್ಮಲ್ಲಿ ಬೇಕಾದಷ್ಟಿದೆ. ಸುಮ್ಮನೆ ತಲೆ ಹುಡುಕಿ ಒಡೆಯದ ಸಣ್ಣ ಗುಳ್ಳೆ ಕಂಡು, ಅದನ್ನು ಮುಚ್ಚಲು ಹೋಗಿ ಇದ್ದ ಆರೋಗ್ಯ ಕೆಟ್ಟವರೂ ಇದ್ದಾರೆ. ಒಡಹುಟ್ಟಿದವರು, ತಂದೆ ತಾಯಿ ಇವರಲ್ಲಿ ಇಬ್ಬರಿಗೆ ಈ ರೋಗ ಬಂದಿದ್ದರೆ ಮಾತ್ರ ಮುಂಚಿತವಾಗಿ ನೋಡಿಸಿಕೊಳ್ಳುವುದಕ್ಕೆ ಅರ್ಥ ಇದೆ. ಉಳಿದವರಿಗೆ ಗುರುತು ಇಷ್ಟು: ಜನ್ಮದಲ್ಲಿ ಕಾಣದಂಥ ನೋವು ಒಂದು ನಿಮಿಷದೊಳಗೆ ತುದಿ ಮುಟ್ಟುವುದು, ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಮಂಪರು, ಮೂರ್ಛೆ. ಇಲ್ಲವೇ ನೋವಿನ ಜೊತೆ ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಪಾಪೆ ಅಗಲವಾಗುವುದು. ಹೀಗಾದರೆ ಗುಳಿಗೆ ಇಲ್ಲ, ಮಜ್ಜಿಗೆ ಇಲ್ಲ, ದೇವರ ಹೇಳಿಕೆ ನಾಳೆ ಕೇಳೋಣ, 108ಕ್ಕೆ ಫೋನು.

ಅಲ್ಲಿಗೆ ನಮ್ಮ ಪಾಲಿನ ಕೆಲಸ ಮುಗಿಯಿತು. 108 ಎಲ್ಲಿಗೆ ಒಯ್ಯುತ್ತದೆ?

ಇಲ್ಲಿಂದ ಸರ್ಕಾರದ ಪಾಲು. ಹೊಸಪೇಟೆಯಿಂದ ಬಳ್ಳಾರಿ ಸುಮಾರು 60 ಕಿಲೋಮೀಟರ್. ಬೆಂಗಳೂರು 300 ದಾಟುತ್ತದೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದರೆ ಬೆಳಗ್ಗೆ ಮುಟ್ಟುತ್ತದೆ. ತಲೆಯಲ್ಲಿ ರಕ್ತ ಒಸರುವವರನ್ನು ರೈಲಿನಲ್ಲಿ ಕೂರಿಸುತ್ತೀರಾ? ಬಳ್ಳಾರಿಯಲ್ಲಿ 1961ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಜನ ಇವತ್ತಿಗೂ ವಿಮ್ಸ್ ಎನ್ನುತ್ತಾರೆ. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಪಟ್ಟಣವಾಯಿತು. ಹಂಪಿ ಹೊಸಪೇಟೆ ಒಂದು ಜಿಲ್ಲೆ, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಅಧಿಕಾರಿಗಳಿಗೆ ಇದೊಂದು ಒಳ್ಳೆ ನೆಪ. ಈ ಕಡೆಯವರು ಅದು ಆ ಜಿಲ್ಲೆ ಎನ್ನುವುದು, ಆ ಕಡೆಯವರು ಈ ಜಿಲ್ಲೆ ಎನ್ನುವುದು. ಒಡೆದ ನಾಳಕ್ಕೆ ಕಂದಾಯ ಗಡಿ ತಿಳಿಯುವುದಿಲ್ಲ.

ಇನ್ನು ಕಾರ್ಡಿನ ಕಥೆ. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದರು. ಒಳ್ಳೆಯದು. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ ಸರ್ಕಾರದ್ದು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ, ಉಳಿದ 70 ನಿಮ್ಮದು. ಎ.ಪಿ.ಎಲ್. ಯಾರು? 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಇದ್ದವನು ಸಾಹುಕಾರನಂತೆ! ಮಳೆ ಬಾರದ ವರ್ಷವೂ ಸಾಹುಕಾರ, ಗೇಟು ಕೊಚ್ಚಿಹೋದ ವರ್ಷವೂ ಸಾಹುಕಾರ. ಪಹಣಿಯಲ್ಲಿ ಎಕರೆ ಎಷ್ಟು ಎಂದು ನೋಡುತ್ತಾರೆ, ಅದೇ ಪಹಣಿಯಲ್ಲಿ ಬ್ಯಾಂಕಿನ ಬೋಜಾ ಎಷ್ಟು ಎಂದು ನೋಡುವುದಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಜಮೀನು ನಮ್ಮನ್ನು ಕಾಯುವುದಿಲ್ಲ, ನಮ್ಮನ್ನು ಹೊರಗಿಡುತ್ತದೆ.

ಅದರಲ್ಲೂ ಒಂದು ಗಂಟು ನೋಡಿ. ಶಸ್ತ್ರಚಿಕಿತ್ಸೆಗೆ ಪ್ಯಾಕೇಜು, ದರ, ಕೋಡು ನಂಬರು ಎಲ್ಲ ಇದೆ. ಆ ನಂಬರು ಬರೆಯಬೇಕಾದರೆ ರೋಗ ಏನೆಂದು ಮೊದಲು ತಿಳಿಯಬೇಕು. ತಿಳಿಯುವುದು ಚಿತ್ರದಿಂದ. ಆ ಮೊದಲ ಚಿತ್ರದ ದುಡ್ಡು ರಾತ್ರೋರಾತ್ರಿ ಜೇಬಿನಿಂದ ಬರಬೇಕು. ಎಲ್ಲಿಂದ ತರುತ್ತೀರಿ? ದಲಾಲಿಯ ಗದ್ದಿಗೆ ಮುಂದೆ ನಿಲ್ಲುವುದು ಆ ಹೊತ್ತಿಗೇ.

ದುಡ್ಡಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು. ಹಳೆಯ ಗಣಿಗಳು ಕಟ್ಟುವ ರಾಜಧನದ ಮೇಲೆ ಅದರ ನೂರಕ್ಕೆ 30 ಭಾಗ, ಹರಾಜಿನಲ್ಲಿ ಪಡೆದ ಗಣಿಗಳಾದರೆ 10 ಭಾಗ, ಗಣಿಯಿಂದ ಬಾಧೆಪಟ್ಟ ಜನಕ್ಕಾಗಿ ಆ ಪ್ರತಿಷ್ಠಾನಕ್ಕೆ ಬರಬೇಕು. ಕನಿಷ್ಠ 60 ಭಾಗವನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಕೆಲಸಕ್ಕೇ ಹಾಕಬೇಕೆಂದು 2015ರ ಮಾರ್ಗಸೂಚಿಯಲ್ಲೇ ಬರೆದಿದೆ. ನೇರ ಬಾಧೆಯ ಊರು ಮಾತ್ರವಲ್ಲ, ಪರೋಕ್ಷ ಬಾಧೆಯ ಪ್ರದೇಶಕ್ಕೂ ಅದು ಸಲ್ಲುತ್ತದೆ. ಸಂಡೂರಿನ ಕೆಂಪು ಧೂಳು ಹೊತ್ತ ಲಾರಿಗಳು ಹೊಸಪೇಟೆ ರಸ್ತೆಯಲ್ಲಿ ಓಡಾಡಿದ್ದಕ್ಕೆ ಸಾಕ್ಷಿ ಬೇಕೇ? ಕಮಾನು ಕಟ್ಟಲು, ಸಮುದಾಯ ಭವನಕ್ಕೆ, ಬೀದಿ ದೀಪಕ್ಕೆ ಕೈ ಮುಂದಾಗುತ್ತದೆ. ಕಮಾನಿನ ಮೇಲೆ ಹೆಸರು ಕೆತ್ತಬಹುದಲ್ಲ. ರಾತ್ರಿ ಪಾಳಿಯ ತಂತ್ರಜ್ಞನ ಸಂಬಳದ ಮೇಲೆ ಯಾರ ಹೆಸರು ಕೆತ್ತುತ್ತಾರೆ?

ನಾವು ಅತಿಯಾಸೆಯ ಬೇಡಿಕೆ ಇಡುತ್ತಿಲ್ಲ. ಪ್ರತಿ ತಾಲೂಕಿನಲ್ಲೂ ಮಿದುಳು ಶಸ್ತ್ರಚಿಕಿತ್ಸೆ ಆಗಬೇಕು ಎನ್ನುವುದು ಮೂರ್ಖತನ. ಈ ಕೆಲಸ ದಿನವೂ ಮಾಡುವ ಕೈಗಳಲ್ಲೇ ರೋಗಿ ಉಳಿಯುವುದು, ಅದಕ್ಕೆ ನಿಮ್ಹಾನ್ಸಿನಂಥ ದೊಡ್ಡ ಕಡೆಗೇ ಹೋಗಬೇಕು. ಡಿ.ಎಸ್.ಎ. ಕೂಡ ಅಲ್ಲೇ ಆಗಲಿ. ಆದರೆ ಮೊದಲೆರಡು ಚಿತ್ರ ಹೊಸಪೇಟೆಯಲ್ಲೇ ಆಗಬೇಕು. ನೋಡಿ ಹೇಳುವ ತಜ್ಞರಿಲ್ಲ ಎನ್ನುವುದು ಹಳೆಯ ರಾಗ. ಚಿತ್ರ ತಂತಿಯ ಮೇಲೆ ಬೆಂಗಳೂರಿಗೆ ಕ್ಷಣದಲ್ಲಿ ಹೋಗುತ್ತದೆ. ರೋಗಿ ದಾರಿಯಲ್ಲಿರುವಾಗಲೇ ಅಲ್ಲಿನ ವೈದ್ಯರು ಗುಳ್ಳೆ ಎಲ್ಲಿದೆ ಎಂದು ನೋಡಿ ಸಿದ್ಧವಾಗಿರಬಹುದು. ಎಲ್ಲರಿಗೂ ಗುಳ್ಳೆ ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ರಕ್ತ ಕಂಡ ನೂರರಲ್ಲಿ ಸುಮಾರು 15 ಜನರಿಗೆ ಮೊದಲ ಹುಡುಕಾಟದಲ್ಲಿ ಏನೂ ಕಾಣುವುದಿಲ್ಲ. ಅದನ್ನೂ ಬಲ್ಲವರೇ ಹೇಳಲಿ, ಔಷಧಿ ಅಂಗಡಿಯವನಲ್ಲ.

ನಮ್ಮ ತಪ್ಪೂ ಇದೆ, ಮುಚ್ಚಿಡುವುದು ಬೇಡ. ಎತ್ತಿಗೆ ಕೆಮ್ಮು ಬಂದರೆ ಪಶುವೈದ್ಯನನ್ನು ಹುಡುಕಿಕೊಂಡು ಹೋಗುವ ನಾವು ನಲವತ್ತು ದಾಟಿದರೂ ಬಿ.ಪಿ. ನೋಡಿಸುವುದಿಲ್ಲ. ಗುಳ್ಳೆ ಬೆಳೆಯಲು, ಒಡೆಯಲು ದಾರಿ ಮಾಡುವವು ಮುಖ್ಯವಾಗಿ ಎರಡು, ಏರಿದ ರಕ್ತದೊತ್ತಡ ಮತ್ತು ಬೀಡಿ ಸಿಗರೇಟು. ಹೆಂಗಸರಲ್ಲಿ ಈ ರೋಗ ಗಂಡಸರಿಗಿಂತ ಹೆಚ್ಚು. ಆದರೂ ಮನೆಯಲ್ಲಿ ಹೆಂಗಸಿನ ತಲೆನೋವಿಗೆ ಕಿವಿ ಕೊಡುವವರು ಯಾರು? ಯಶಸ್ವಿನಿ ಯೋಜನೆ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಕಟ್ಟಿಸಿಕೊಂಡು 5 ಲಕ್ಷದ ಮಿತಿ ಇಟ್ಟರು. ಅದಕ್ಕೆ ಎ.ಪಿ.ಎಲ್., ಬಿ.ಪಿ.ಎಲ್. ಎಂಬ ಭೇದವಿಲ್ಲ, ಸಂಘದ ಸದಸ್ಯನಾದರೆ ಸಾಕು. ನನ್ನ ಅಣ್ಣ ಕಟ್ಟಿರಲಿಲ್ಲ. ಆ ವರ್ಷ ಜಾತ್ರೆಗೆ ಅದರ ಹತ್ತರಷ್ಟು ಖರ್ಚು ಮಾಡಿದ್ದ. ಯಶಸ್ವಿನಿ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕಳೆದ ಆ ಮೂರು ದಿನವನ್ನು ಯಾವ ಕಾರ್ಡೂ ತಂದುಕೊಡುತ್ತಿರಲಿಲ್ಲ.

ಮುಂದಿನ ಗ್ರಾಮಸಭೆಗೆ ಹೋಗುವಾಗ 2005ರ ಮಾಹಿತಿ ಹಕ್ಕಿನ ಅರ್ಜಿ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಊರಿಗೊಂದರಂತೆ, ಎರಡೂ ಜಿಲ್ಲೆಯ ಜಿಲ್ಲಾಧಿಕಾರಿಗಳ ಕಚೇರಿಗೆ. ಕೇಳಬೇಕಾದದ್ದು ಇಷ್ಟೇ: 2015ರಿಂದ ಖನಿಜ ಪ್ರತಿಷ್ಠಾನಕ್ಕೆ ಬಂದ ಹಣದಲ್ಲಿ ಆರೋಗ್ಯಕ್ಕೆ ಹಾಕಿದ್ದೆಷ್ಟು, ಅದರಲ್ಲಿ ಕಟ್ಟಡಕ್ಕೆಷ್ಟು, ಯಂತ್ರಕ್ಕೆಷ್ಟು, ಸಿಬ್ಬಂದಿಗೆಷ್ಟು? ಸರ್ಕಾರಿ ಆಸ್ಪತ್ರೆಯ ಸಿ.ಟಿ. ಯಂತ್ರದಲ್ಲಿ ಮಿದುಳಿನ ಆಂಜಿಯೋಗ್ರಾಂ ಆಗುತ್ತದೆಯೇ? ರಾತ್ರಿ ಅದನ್ನು ನಡೆಸುವವರು ಯಾರು, ಚಿತ್ರ ಓದುವವರು ಯಾರು? ಎ.ಪಿ.ಎಲ್. ರೈತನಿಂದ ಅದಕ್ಕೆ ವಸೂಲು ಮಾಡುವುದೆಷ್ಟು? ಅರ್ಜಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ. 30 ದಿನದೊಳಗೆ ಉತ್ತರ ಬರಬೇಕು. ಬಂದರೆ ಪತ್ರಿಕೆಗೆ ಕಳಿಸಿ, ಬರದಿದ್ದರೆ ದಿನಾಂಕ ಬರೆದು ಕಳಿಸಿ, ಎರಡನ್ನೂ ಅಚ್ಚು ಹಾಕುತ್ತೇವೆ.